‘ಪಾಪ, ತಪ್ಪಾಗಿ ಸತ್ತೋಯ್ತು ಮಗು’

ಓದುಬಳಗದಿಂದ ಈಗಷ್ಟೇ ಮನೆಗೆ ಬಂದೆ. ಕೋಪ ಇನ್ನೂ ಇಳಿದಿಲ್ಲ. ಈ ತಿಂಗಳ ಪುಸ್ತಕ ಜಾನ್ ಬಾಯ್ನ್ ಬರೆದ ‘ದ ಬಾಯ್ ಇನ್ ದ ಸ್ಟ್ರೈಪ್ಡ್ ಪಜಾಮಾಸ್’. 2006ರಲ್ಲಿ ಬಂದದ್ದು, 2008ರಲ್ಲಿ ಸಿನಿಮಾನೂ ಆಯ್ತು. (ಕೊನೆ ಗೊತ್ತಿಲ್ಲದವರು ಇಲ್ಲೇ ನಿಲ್ಲಿಸಿ. ಆಮೇಲೆ ನನ್ನನ್ನು ಬೈಬೇಡಿ.)

ಎಂಟು ಜನ ಇದ್ದೆವು. ಏಳು ಜನರ ಅಭಿಪ್ರಾಯ ಒಂದೇ: ‘ತುಂಬಾ ಅತ್ತೆ.’ ಒಬ್ಬರು ಎರಡು ಸಲ ಅತ್ತರಂತೆ, ಇನ್ನೊಬ್ಬರು ಬಸ್ಸಿನಲ್ಲೇ ಅತ್ತರಂತೆ. ಪಕ್ಕದಲ್ಲಿ ಕೂತವರು ಕೋಡುಬಳೆ ತಟ್ಟೆ ನನ್ನ ಕಡೆ ದಾಟಿಸಿ, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೇಳಿದರು: ‘ಪಾಪ ಕಣ್ರೀ, ಸುಮ್ನೆ ತಪ್ಪಾಗಿ ಸತ್ತೋಯ್ತು ಮಗು.’

ಕೋಡುಬಳೆ ನನ್ನ ಕೈಯಲ್ಲೇ ಉಳಿಯಿತು. ತಪ್ಪಾಗಿ? ಹಾಗಾದರೆ ಅದೇ ಕೋಣೆಯಲ್ಲಿ ಅವನ ಕೈ ಹಿಡಿದು ನಿಂತಿದ್ದ ಇನ್ನೊಂದು ಮಗು ಸರಿಯಾಗಿ ಸತ್ತಿತಾ?

ಬ್ರೂನೋ, ಯಹೂದಿಗಳನ್ನು ಕೂಡಿಹಾಕಿ ಕೊಲ್ಲುತ್ತಿದ್ದ ಆಶ್‌ವಿಟ್ಸ್ ಕ್ಯಾಂಪಿನ ನಾಜಿ ಅಧಿಕಾರಿಯ ಮಗ. ಒಂಬತ್ತು ವರ್ಷ. ಶ್ಮುಯೆಲ್ ಬೇಲಿಯ ಆಚೆಯ ಯಹೂದಿ ಹುಡುಗ. ಇಬ್ಬರೂ ಹುಟ್ಟಿದ್ದು ಒಂದೇ ದಿನ. ಕಳೆದುಹೋದ ಶ್ಮುಯೆಲ್‌ನ ಅಪ್ಪನನ್ನು ಹುಡುಕಲು ಬ್ರೂನೋ ಕೈದಿಗಳ ಪಟ್ಟೆ ಬಟ್ಟೆ ತೊಟ್ಟು ಬೇಲಿ ನುಸುಳುತ್ತಾನೆ. ಇಬ್ಬರೂ ವಿಷಾನಿಲ ಬಿಟ್ಟು ಜನರನ್ನು ಕೊಲ್ಲುವ ಗ್ಯಾಸ್ ಕೋಣೆಗೆ ಹೋಗುತ್ತಾರೆ. ಆಮೇಲೆ ಕೊನೆಯ ಅಧ್ಯಾಯದ ತುಂಬಾ ಬ್ರೂನೋನ ಅಮ್ಮ, ಅಕ್ಕ, ಅಪ್ಪ ಅವನಿಗಾಗಿ ಕಾಯುತ್ತಾರೆ, ಹುಡುಕುತ್ತಾರೆ, ಅಳುತ್ತಾರೆ. ಶ್ಮುಯೆಲ್‌ಗಾಗಿ ಅಳುವವರಿಗೆ ಒಂದು ಪುಟವೂ ಇಲ್ಲ. ಅವನ ಅಮ್ಮನನ್ನು ಮೊದಲೇ ಬೇರೆ ಮಾಡಿ ಕರೆದುಕೊಂಡು ಹೋಗಿರುತ್ತಾರೆ. ಪುಸ್ತಕವೇ ನಮ್ಮ ಕಣ್ಣೀರನ್ನು ಯಾವ ಮನೆಗೆ ಕಳಿಸುತ್ತಿದೆ ನೋಡಿ.

ಶ್ಮುಯೆಲ್‌ನ ಅಪ್ಪ ಏನು ಕೆಲಸ ಮಾಡುತ್ತಿದ್ದರು ಅಂತ ಕೇಳಿದೆ. ಯಾರಿಗೂ ನೆನಪಿಲ್ಲ. ಗಡಿಯಾರದ ಕೆಲಸ ಕಣ್ರೀ! ಬ್ರೂನೋನ ಬರ್ಲಿನ್ ಮನೆಗೆ ಐದು ಮಹಡಿ ಅನ್ನೋದು ಮಾತ್ರ ಎಲ್ಲರಿಗೂ ನೆನಪಿತ್ತು.

‘ಮೇಡಂ, ಇದನ್ನ ನೀತಿಕತೆ ಥರ ಓದಬೇಕು. ಇದರಿಂದಲಾದರೂ ಮಕ್ಕಳಿಗೆ ಇತಿಹಾಸದ ಮೇಲೆ ಆಸಕ್ತಿ ಬರುತ್ತಲ್ವಾ?’ ಅಂದರು ಒಬ್ಬರು. ಬರುತ್ತೆ ಸ್ವಾಮಿ, ಆದರೆ ಯಾವ ಇತಿಹಾಸದ ಮೇಲೆ? ಪಂಚತಂತ್ರದಲ್ಲಿ ನರಿ ಮಾತಾಡಿದರೆ ಯಾವ ಮಗುವೂ ಅದನ್ನು ನಿಜ ಅಂದುಕೊಳ್ಳಲ್ಲ. ಆಶ್‌ವಿಟ್ಸ್ ಹಾಗಲ್ಲ. ಪೋಲೆಂಡಿನಲ್ಲಿ ಈಗಲೂ ಇರುವ ಜಾಗ ಅದು. ಅಲ್ಲಿಗೆ ಸುಮಾರು 2,32,000 ಮಕ್ಕಳನ್ನು ತಂದರು. ಅದರಲ್ಲಿ 2,16,000 ಯಹೂದಿ ಮಕ್ಕಳು. ಕೆಲಸಕ್ಕೆ ಬಾರದವರು ಅಂತ ಹೆಚ್ಚಿನವರನ್ನು ರೈಲಿನಿಂದ ಇಳಿಸಿದ ದಿನವೇ ಕೊಂದರು. 1945ರ ಜನವರಿ 27ರಂದು ಸೋವಿಯತ್ ಸೈನಿಕರು ಬಂದಾಗ ಜೀವಂತ ಸಿಕ್ಕ ಮಕ್ಕಳೂ ಹದಿಹರೆಯದವರೂ ಒಟ್ಟು 700 ಚಿಲ್ಲರೆ. ಕರೆಂಟ್ ಹರಿಯುವ ಬೇಲಿಯ ಪಕ್ಕ ದಿನಾ ಮಧ್ಯಾಹ್ನ ಕೂತು ಹರಟೆ ಹೊಡೆಯಲು ಯಾವ ಶ್ಮುಯೆಲ್‌ಗೆ ಸಾಧ್ಯವಿತ್ತು? ಇನ್ನು ನಾಜಿ ಅಧಿಕಾರಿಯ ಮಗ ಬ್ರೂನೋ ‘ಹೈಲ್ ಹಿಟ್ಲರ್’ (ಹಿಟ್ಲರನಿಗೆ ಜೈ) ಅಂದರೆ ‘ಹೋಗಿ ಬರ್ತೀನಿ’ ಅಂತ ಅರ್ಥ ಅಂದುಕೊಂಡಿರುತ್ತಾನಂತೆ. ಬರ್ಲಿನ್ನಿನ ಶಾಲೆಗೆ ಹೋದ ಹುಡುಗ!

2020ರಲ್ಲಿ ಆಶ್‌ವಿಟ್ಸ್ ಮ್ಯೂಸಿಯಮ್ಮಿನವರೇ ಹೇಳಿದ್ದರು, ಈ ಇತಿಹಾಸವನ್ನು ಕಲಿಯುವವರು, ಕಲಿಸುವವರು ಈ ಪುಸ್ತಕದಿಂದ ದೂರ ಇರಬೇಕು ಅಂತ. ಇದನ್ನೂ ಹೇಳಿದೆ. ‘ಸುಮ್ನೆ ಕತೆ ಅಲ್ವಾ ಮೇಡಂ’ ಅನ್ನುವಷ್ಟರಲ್ಲಿ ಕಾಫಿ ಬಂತು.

ಅವರನ್ನು ಬೈದು ನಾನು ಸಾಚಾ ಆಗಿಬಿಟ್ಟರೆ ತಪ್ಪಾಗುತ್ತೆ. ನಾನು ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಸಮಾಜ ಪಾಠ ಮಾಡಿದವಳು. ಎರಡನೇ ಮಹಾಯುದ್ಧದ ಪಾಠ ಬಂದಾಗೆಲ್ಲ ಇದೇ ಕತೆ ಹೇಳುತ್ತಿದ್ದೆ, ಇಡೀ ಪೀರಿಯಡ್. ಮುಂದಿನ ಬೆಂಚಿನ ಹುಡುಗಿಯರು ಮೂಗು ಸೇದಿಕೊಳ್ಳುವುದು ಕೇಳಿಸಿದರೆ ಪಾಠ ಚೆನ್ನಾಗಿ ಆಯ್ತು ಅಂತ ಬೀಗಿಕೊಂಡು ಸ್ಟಾಫ್‌ರೂಮಿಗೆ ಹೋಗುತ್ತಿದ್ದೆ. ಮ್ಯೂಸಿಯಮ್ಮಿನವರ ಮಾತು ಕಣ್ಣಿಗೆ ಬೀಳುವ ಹೊತ್ತಿಗೆ ಎಷ್ಟು ಬ್ಯಾಚ್ ದಾಟಿ ಹೋಗಿದ್ದವೋ.

ಒಂದು ಕಿರುಪರೀಕ್ಷೆಯಲ್ಲಿ ನಾಜಿ ಕ್ಯಾಂಪುಗಳ ಬಗ್ಗೆ ಎರಡು ಮಾರ್ಕ್ಸಿನ ಪ್ರಶ್ನೆ ಕೊಟ್ಟಿದ್ದೆ. ಒಬ್ಬ ಹುಡುಗ ಬರೆದಿದ್ದ: ‘ಹಿಟ್ಲರನ ಕ್ಯಾಂಪುಗಳಲ್ಲಿ ಜರ್ಮನ್ ಮಕ್ಕಳು ತಪ್ಪಾಗಿ ಸಾಯುತ್ತಿದ್ದರು.’ ಅಕ್ಷರ ದುಂಡಗಿದೆ ಅಂತ ಅರ್ಧ ಮಾರ್ಕ್ಸ್ ಕೊಟ್ಟಿದ್ದೆ.