ಒಂದು ಚಮಚ ಹುಳಿ

ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯ ಸೂರಿನಲ್ಲಿ ತಟ್ಟೆಯಗಲದ ಕಂದು ಕಲೆಯಿದೆ. ಏನಿದು ಅಂತ ಓನರ್ ಕೇಳಿದಾಗ ಸೋರಿದ್ದು ಅಂದೆ. ಸುಳ್ಳೇನಲ್ಲ. ಸೋರಿದ್ದು ಮೇಲಿನಿಂದಲ್ಲ, ಕೆಳಗಿನಿಂದ, ಅಷ್ಟೇ.

ನಾನಿರುವುದು ಇಂಗ್ಲೆಂಡಿನ ಸಾಮರ್‌ಸೆಟ್‌ನಲ್ಲಿ. ಅಕ್ಟೋಬರ್ ಬಂತೆಂದರೆ ಇಲ್ಲಿ ಸೇಬು ಹಂಚುವುದು ನಮ್ಮಲ್ಲಿ ನುಗ್ಗೆಕಾಯಿ ಹಂಚಿದ ಹಾಗೆ. ಬೇಡ ಅಂದರೂ ಬಿಡುವುದಿಲ್ಲ. ಪಕ್ಕದ ಮನೆಯವರು ಒಂದು ಚೀಲ ಡಾಬಿನೆಟ್ ಸೇಬು ತಂದು ಬಾಗಿಲಲ್ಲಿಟ್ಟು ಹೋದರು. ಕಚ್ಚಿದರೆ ಮೊದಲು ಸಿಹಿ, ಬೆನ್ನಿಗೇ ಒಗರು. ಹುಳಿ ಅಂತೂ ನಾಮಕಾವಾಸ್ತೆ. ಸೈಡರ್‌ಗೆಂದೇ, ಅಂದರೆ ಸೇಬಿನ ರಸ ಹುದುಗಿಸಿ ಮಾಡುವ ಮದ್ಯಕ್ಕೆಂದೇ, ಬೆಳೆಸುವ ಜಾತಿಯಂತೆ. ಸರಿ, ಹಿಂಡಿ, ನಾಲ್ಕೂವರೆ ಲೀಟರಿನ ಗಾಜಿನ ಜಾಡಿಗೆ ತುಂಬಿ, ಯೀಸ್ಟ್ ಹಾಕಿದೆ.

ಮೂರು ವಾರ ಗುಳುಗುಳು ಅಂದಿತು. ಆಮೇಲೆ ರುಚಿ ನೋಡಿದೆ. ಸಕ್ಕರೆಯನ್ನೆಲ್ಲ ಯೀಸ್ಟ್ ತಿಂದು ಮುಗಿಸಿತ್ತು. ಉಳಿದದ್ದು ಆರಿದ ಚಹಾದಲ್ಲಿ ಬಾಳೆಕಾಯಿ ಸಿಪ್ಪೆ ಅದ್ದಿಟ್ಟಂಥ ನೀರು. ಹುಳಿ ಅಳೆಯುವ ಪಿಎಚ್ ಪಟ್ಟಿ 4 ಅಂತ ತೋರಿಸಿತು. ಈ ಅಂಕಿ ಏರಿದಷ್ಟೂ ಹುಳಿ ಕಡಿಮೆ. 3.8 ದಾಟಿದರೆ ಕೆಡಿಸುವ ಬ್ಯಾಕ್ಟೀರಿಯಾಗಳಿಗೆ ಹಬ್ಬ.

ಅಂದರೆ ಹುಳಿ ಸೇರಿಸಬೇಕು. ಅದಕ್ಕೆ ಮ್ಯಾಲಿಕ್ ಆಸಿಡ್. ಸೇಬಿನ ಹುಳಿಯೇ ಅದು. 1785ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಶೀಲೆ ಅದನ್ನು ಸೇಬಿನ ರಸದಿಂದಲೇ ಬೇರೆ ಮಾಡಿದ್ದ. ಅವನು ಕಷ್ಟಪಟ್ಟು ಸೇಬಿನಿಂದ ತೆಗೆದದ್ದನ್ನು ನಾನು ದುಡ್ಡು ಕೊಟ್ಟು ಮತ್ತೆ ಸೇಬಿಗೇ ಹಾಕಲು ಹೊರಟಿದ್ದೆ.

ಜಾಡಿಗೆ ಒಂದು ಟೀ ಚಮಚ, ಅಂದರೆ ಸುಮಾರು 5 ಗ್ರಾಂ, ಸಾಕಿತ್ತು. ನಮ್ಮ ಮನೆಯಲ್ಲಿ ಚಮಚ ಅಂದರೆ ಚಮಚ. ಕೈಗೆ ಸಿಕ್ಕಿದ್ದು ಪಲ್ಯ ಬಡಿಸುವುದು. ಪುಡಿಯನ್ನು ಮೊದಲು ನೀರಲ್ಲಿ ಕರಗಿಸಿ ಹಾಕಬೇಕಂತೆ. ಹೇಗಿದ್ದರೂ ಒಳಗೆ ಹೋಗಿ ಕರಗುತ್ತೆ ಅಲ್ವಾ ಅಂತ ರಾಶಿ ಹಾಗೇ ಸುರಿದೆ.

ಆಗಷ್ಟೇ ಹುದುಗಿದ ರಸದಲ್ಲಿ ಕಾರ್ಬನ್ ಡೈ ಆಕ್ಸೈಡ್ ತುಂಬಿಕೊಂಡಿರುತ್ತದೆ. ಪುಡಿಯ ಒಂದೊಂದು ಹರಳೂ ಅದಕ್ಕೆ ಹೊರಗೆ ಬರುವ ನೆಪ. ಜಾಡಿ ಬುಸ್ ಅಂದಿತು. ಗಾಬರಿಯಲ್ಲಿ ಅಂಗೈಯಿಂದ ಬಾಯಿ ಒತ್ತಿ ಮುಚ್ಚಿದೆ. ಹೊಲದ ಪೈಪಿಗೆ ಹೆಬ್ಬೆರಳು ಒತ್ತಿದರೆ ನೀರು ಎಲ್ಲಿಗೆ ಹೋಗುತ್ತೆ ಅಂತ ರೈತನ ಮಗನಿಗೆ ಗೊತ್ತಿರಬೇಕಿತ್ತು.

ಸದ್ದಿಗೆ ಅಮ್ಮ ಓಡಿ ಬಂದಳು. ನವಲಗುಂದದಿಂದ ಬಂದು ತಿಂಗಳಾಗಿತ್ತು. ಅಷ್ಟೂ ದಿನ ‘ಕುಡಿಯೂ ಪದಾರ್ಥ’ ಅಂತ ಜಾಡಿ ಕಡೆ ತಿರುಗಿಯೂ ನೋಡಿರಲಿಲ್ಲ. ಈಗ ಕಟ್ಟೆಯ ಮೇಲೆ ಚೆಲ್ಲಿದ ಪುಡಿಗೆ ಬೆರಳು ಒತ್ತಿ ನಾಲಿಗೆಗೆ ಇಟ್ಟುಕೊಂಡಳು.

“ಇದು ಕಡ್ಲಿ ಹುಳಿ ಅಲ್ಲೇನೋ?”

ನಕ್ಕೆ. ರಾತ್ರಿ ಹುಡುಕಿ ಓದಿದ ಮೇಲೆ ನಗು ನಿಂತಿತು. ಕಡಲೆ ಗಿಡದ ಎಲೆಯ ಸಣ್ಣ ರೋಮಗಳು ಒಸರುವ ಹುಳಿಯಲ್ಲಿ ಮ್ಯಾಲಿಕ್ ಆಸಿಡ್ಡೇ ಇರುವುದು. ಚಳಿಗಾಲದ ಬೆಳಗಿನ ಜಾವ ಕಡಲೆ ಹೊಲದ ಮೇಲೆ ಬಿಳಿ ಬಟ್ಟೆ ಹಾಸಿ, ಇಬ್ಬನಿ ಹೀರಿಸಿ, ಪಾತ್ರೆಗೆ ಹಿಂಡಿ, ಹೊಟ್ಟೆನೋವಿಗೆ ಅಂತ ಬಾಟಲಿ ತುಂಬಿಡುತ್ತಿದ್ದಳು ಅಜ್ಜಿ. ಸುಲಗಾಯಿ, ಅಂದರೆ ಹಸಿ ಕಡಲೆ, ಕೀಳಲು ಹೋಗಿ ನಾನು ಕೈ ಉರಿಸಿಕೊಂಡದ್ದೂ ಅದರಿಂದಲೇ.

“ಪುಕ್ಕಟೆ ಸಿಗೂದಕ್ಕ ರೊಕ್ಕಾ ಕೊಟ್ಟೀಯಾ?” ಅಮ್ಮನಿಗೆ ಸೂರಿನ ಚಿಂತೆಗಿಂತ ಇದೇ ಜಾಸ್ತಿ. “ಒಂದು ವಾಟಗಾದಾಗ ಚಿಟಿಕಿ ಹಾಕಿ ರುಚಿ ನೋಡಿ, ಆಮ್ಯಾಲೆ ಜಾಡಿಗೆ ಹಾಕಬೇಕಪಾ.” ಬಲ್ಲವರೂ ಮಾಡುವುದು ಅದನ್ನೇ ಅಂತ ಆಮೇಲೆ ತಿಳಿಯಿತು.

ಉಳಿದ ಅರ್ಧ ಜಾಡಿ ಹಲ್ಲು ಚುಳ್ಳೆನ್ನುವಷ್ಟು ಹುಳಿಯಾಗಿತ್ತು. ಚಿಕ್ಕ ಜಾಡಿಗೆ ಬಗ್ಗಿಸಿ ಮೂಲೆಗಿಟ್ಟೆ. ಅಮ್ಮ ಊರಿಗೆ ಹೋದಳು. ಏಪ್ರಿಲ್‌ನಲ್ಲಿ ಬಿಸಿಲು ಬಿದ್ದದ್ದೇ ಮತ್ತೆ ಗುಳುಗುಳು. ಈ ಸಲ ಯೀಸ್ಟ್ ಅಲ್ಲ, ಬ್ಯಾಕ್ಟೀರಿಯಾ. ಅವು ಮ್ಯಾಲಿಕ್ ಆಸಿಡ್ಡನ್ನು ಮೊಸರಿನಲ್ಲಿರುವ ಮೆತ್ತನೆ ಲ್ಯಾಕ್ಟಿಕ್ ಆಸಿಡ್ ಮಾಡಿಬಿಡುತ್ತವೆ. ಮೇ ಹೊತ್ತಿಗೆ ಸೈಡರ್ ಮತ್ತೆ ಸಪ್ಪೆ.

ಈ ಸಲ ಸಣ್ಣ ಚಮಚವನ್ನೇ ಹುಡುಕಿ ತೆಗೆದು, ಲೋಟದಲ್ಲಿ ನೀರಿಟ್ಟುಕೊಂಡು, ಪೊಟ್ಟಣ ಬಿಚ್ಚಿದೆ. ಖಾಲಿ. ಅಮ್ಮನಿಗೆ ಫೋನ್ ಮಾಡಿದೆ.

“ಅಲ್ಲಿ ಹುಣಸೀಹಣ್ಣ ತೀರಿತ್ತಲ್ಲೋ. ಸಾರು ಭಾಳ ಚಲೋ ಆಗೇತಿ ಅಂತ ಎರಡೆರಡು ಸಲ ಹಾಕಿಸ್ಕೊಂಡಿಯಲ್ಲಾ, ಮತ್ತ ಅದು ಏನಂತ ತಿಳದಿದ್ದಿ?”