ಶಾಲೆಗೆ ತಂಬೂರಿ ಬಂದರೆ ಸಾಕೇ?

ಪ್ರಶ್ನೆ: ಕಲಾವಿದರೇ ಶಾಲೆಗೆ ಬಂದು ಹಾಡಿ, ನುಡಿಸಿ, ಮಕ್ಕಳನ್ನೂ ಜೊತೆಗೂಡಿಸಿಕೊಳ್ಳುವ ಪ್ರಾತ್ಯಕ್ಷಿಕೆಗಳು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಶಾಸ್ತ್ರೀಯ ಸಂಗೀತವನ್ನು ಪರಿಚಯಿಸಲು ಸರಿಯಾದ ದಾರಿಯೇ?

ಪರ

ತಂಬೂರಿಯ ಕುದುರೆ, ಅಂದರೆ ತಂತಿಗಳು ಹಾದುಹೋಗುವ ಪಟ್ಟಿಯ ಮೇಲೆ ಪ್ರತಿ ತಂತಿಯ ಅಡಿಗೂ ಒಂದು ಎಳೆ ದಾರ ತೂರಿಸಿರುತ್ತಾರೆ. ಎರಡನೇ ತರಗತಿಯ ಮಕ್ಕಳೆದುರು ಗಾಯಕಿಯೊಬ್ಬರು ಆ ದಾರ ತೆಗೆದು ತಂತಿ ಮೀಟಿದರು. ನಾದ ಮಂಕಾಯಿತು. ಮತ್ತೆ ದಾರ ಇಟ್ಟು ಚೂರು ಹಿಂದೆ ಮುಂದೆ ಜರುಗಿಸಿದರು, ಝೇಂಕಾರ ತುಂಬಿಕೊಂಡಿತು. ಗೋಡೆಗೆ ಒರಗಿ ಪಿಸುಗುಡುತ್ತಿದ್ದ ಮಕ್ಕಳು ತಾವಾಗಿಯೇ ಎದ್ದು ಮುಂದೆ ಬಂದರು. ‘ಮಿಸ್, ಇನ್ನೊಂದ್ಸಲ ತೆಗೀರಿ’ ಎಂದಿತು ಒಂದು ಹುಡುಗಿ. ಮೊಬೈಲಿನ ಸ್ಪೀಕರ್‌ನಲ್ಲಿ ಈ ವ್ಯತ್ಯಾಸ ಆ ಹುಡುಗಿಗೆ ಎಂದೂ ತಿಳಿಯುತ್ತಿರಲಿಲ್ಲ.

ನಾನು ಶಾಲೆಗಳಲ್ಲಿ ಇಂಥ ಪ್ರಾತ್ಯಕ್ಷಿಕೆ ಏರ್ಪಡಿಸುವುದು ಇದಕ್ಕಾಗಿಯೇ. ಮೃದಂಗದ ಎಡಮುಖಕ್ಕೆ ರವೆ ಕಲಸಿ ಹಚ್ಚುವುದನ್ನು ಕಂಡ ಮಗು ‘ಯಾಕೆ?’ ಎಂದು ಕೇಳಿಯೇ ಕೇಳುತ್ತದೆ. ಹಚ್ಚುವ ಮೊದಲು ಒಮ್ಮೆ, ಹಚ್ಚಿದ ಮೇಲೆ ಒಮ್ಮೆ ನುಡಿಸಿ ತೋರಿಸಿದರೆ ಉತ್ತರ ಕಿವಿಗೇ ಸಿಗುತ್ತದೆ. ಆದಿತಾಳ ಹಾಕಿಸುವುದೂ ಕಷ್ಟವಲ್ಲ: ಒಂದು ತಟ್ಟು, ಮೂರು ಬೆರಳೆಣಿಕೆ, ಆಮೇಲೆ ತಟ್ಟು-ಹುಸಿ, ತಟ್ಟು-ಹುಸಿ (ಹುಸಿ ಎಂದರೆ ಅಂಗೈ ಮೇಲೆ ಮಾಡುವುದು). ತಾಳ ಎಣಿಸುವ ಬಾಯಿಮಾತುಗಳಲ್ಲಿ ಸುಮತಿ ಎಂಬ ಹೆಸರು ಮೂರಕ್ಷರದ ‘ತಕಿಟ’ಕ್ಕೆ ಕೂಡುತ್ತದೆ, ಗಿರಿಧರ ಎಂಬುದು ನಾಲ್ಕಕ್ಷರದ ‘ತಕಧಿಮಿ’ಗೆ. ತಮ್ಮ ಹೆಸರು ಯಾವುದಕ್ಕೆ ಕೂಡುತ್ತದೆಂದು ಮಕ್ಕಳು ಅಂಗಳದಲ್ಲಿ ಆಡುತ್ತಾ ಹುಡುಕುತ್ತಾರೆ.

ಇನ್ನೊಂದು ಮಾತಿದೆ, ಅದೇ ನನಗೆ ಮುಖ್ಯ. ಸಂಗೀತ ಸಭೆಗಳ ಬಾಗಿಲು ಎಲ್ಲರಿಗೂ ತೆರೆದಿದೆ ಎನ್ನುತ್ತೇವೆ. ಬೆಂಗಳೂರಿನ ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ದಶಕಗಳಿಂದ ರಾಮನವಮಿ ಸಂಗೀತೋತ್ಸವ ನಡೆಯುತ್ತಿದೆ. ದೊಡ್ಡ ದೊಡ್ಡ ವಿದ್ವಾಂಸರು ಅಲ್ಲಿ ಹಾಡಿದ್ದಾರೆ. ಆದರೆ ಸಂಜೆ ಹೊತ್ತಿನಲ್ಲಿ ಮಗುವನ್ನು ಕರೆದೊಯ್ಯಲು ಮನೆಯಲ್ಲಿ ಬಿಡುವೂ ಅಭ್ಯಾಸವೂ ಇರುವವರು ಬೇಕು. ಗಾರ್ಮೆಂಟ್ಸ್ ಪಾಳಿ ಮುಗಿಸಿ ಬರುವ ತಾಯಿಗೆ ಅದು ಆಗುವ ಮಾತೇ? 1977ರಲ್ಲಿ ಐಐಟಿ ದೆಹಲಿಯ ಪ್ರಾಧ್ಯಾಪಕ ಕಿರಣ್ ಸೇಠ್ ಸ್ಪಿಕ್ ಮೆಕೆ ಎಂಬ ಸಂಸ್ಥೆ ಆರಂಭಿಸಿ ಕಲಾವಿದರನ್ನು ವಿದ್ಯಾರ್ಥಿಗಳಿದ್ದಲ್ಲಿಗೇ ಕರೆದೊಯ್ದರು. ಸರ್ಕಾರಿ ಪ್ರಾಥಮಿಕ ಶಾಲೆಗೆ ಆ ದಾರಿ ಇನ್ನೂ ಹೆಚ್ಚು ಬೇಕು.

ಕೆಲವು ಷರತ್ತುಗಳಂತೂ ಇವೆ. ಮೈಕ್ ಬೇಡ, ಹಾರ-ಶಾಲು ಬೇಡ, ಸ್ವಾಗತ ಭಾಷಣ ಬೇಡವೇ ಬೇಡ. ಒಂದು ಸಲಕ್ಕೆ ಒಂದೇ ತರಗತಿ, ನಲವತ್ತು ನಿಮಿಷ. ಇಡೀ ಶಾಲೆಯನ್ನು ಬಿಸಿಲಲ್ಲಿ ಕೂರಿಸಿ ಧ್ವನಿವರ್ಧಕದಲ್ಲಿ ಹಾಡಿಸುವುದಾದರೆ ನಾನೇ ಬೇಡ ಎನ್ನುತ್ತೇನೆ.

ವಿರೋಧ

ದಾರ ತೆಗೆದು ತೋರಿಸಿದ್ದು ಚೆನ್ನ, ನಾನೂ ಹಾಗೆಯೇ ತೋರಿಸುತ್ತೇನೆ. ಮಾರನೆಯ ದಿನ ಆ ಹುಡುಗಿ ತಂಬೂರಿ ಎಲ್ಲಿ ಎಂದು ಕೇಳಿದರೆ ಯಾರು ಉತ್ತರ ಕೊಡುತ್ತಾರೆ? ಕಲಾವಿದರು ಕಾರು ಹತ್ತಿ ಹೋಗಿರುತ್ತಾರೆ, ಆ ಶಾಲೆಗೆ ಸಂಗೀತದ ಶಿಕ್ಷಕರೇ ಇರುವುದಿಲ್ಲ. ಮಕ್ಕಳಿಗೆ ಹಾಡು ಹೇಳಿಕೊಡುವುದೇ ನನ್ನ ವೃತ್ತಿ, ಹಾಗಾಗಿ ಈ ಕೊರತೆ ದಿನವೂ ಕಣ್ಣಿಗೆ ಬೀಳುತ್ತದೆ. ಒಂದು ದಿನದ ಕಾರ್ಯಕ್ರಮದ ಫೋಟೊ ವರದಿಗೆ ಸೇರಿದ ಮೇಲೆ ‘ಸಂಗೀತ ಆಯಿತು’ ಎಂದು ಎಲ್ಲರೂ ಸುಮ್ಮನಾಗುತ್ತಾರೆ. ನನ್ನ ಮೊದಲ ತಕರಾರು ಇದೇ.

ಎದುರು ಕೂತು ಕೇಳಿದರೇ ಆಸೆ ಹುಟ್ಟುತ್ತದೆ ಎಂಬುದನ್ನೂ ನಾನು ಒಪ್ಪೆ. ಗದುಗಿನ ಹುಡುಗ ಭೀಮಸೇನ ಜೋಶಿಯನ್ನು ಹನ್ನೊಂದನೇ ವಯಸ್ಸಿಗೆ ಮನೆ ಬಿಡಿಸಿದ್ದು ಹಿಂದೂಸ್ತಾನಿ ಗಾಯಕ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ಪ್ಲೇಟು. ಗಂಗೂಬಾಯಿ ಹಾನಗಲ್ಲರೂ ಚಿಕ್ಕಂದಿನಲ್ಲಿ ಬೀದಿಗೆ ಕೇಳಿಸುತ್ತಿದ್ದ ಗ್ರಾಮಫೋನಿಗೆ ಕಿವಿಗೊಟ್ಟು ನಿಲ್ಲುತ್ತಿದ್ದರು. ಆಸೆ ಎಲ್ಲಿಂದಲಾದರೂ ಬರುತ್ತದೆ. ಅವರಿಬ್ಬರನ್ನೂ ಗಾಯಕರನ್ನಾಗಿಸಿದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿ ವರ್ಷಗಟ್ಟಲೆ ಮಾಡಿದ ಅಭ್ಯಾಸ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು ಕಣ್ಣಿಲ್ಲದ ಮಕ್ಕಳಿಗೆ, ಬಡವರ ಮಕ್ಕಳಿಗೆ ಊಟ-ವಸತಿ ಕೊಟ್ಟು ದಿನವೂ ಪಾಠ ಹೇಳಿದರು. ನಮ್ಮ ನಾಡಿನಲ್ಲಿ ಸಂಗೀತ ಬಡವರ ಮನೆಗೆ ತಲುಪಿದ ದಾರಿ ಅದು.

ಇನ್ನು, ಮಕ್ಕಳನ್ನು ಜೊತೆಗೂಡಿಸುವ ಭರದಲ್ಲಿ ಸಂಗೀತವೇ ತೆಳ್ಳಗಾಗುತ್ತದೆ. ಚಪ್ಪಾಳೆ ಬರುವುದು ತಕಧಿಮಿಗೆ, ಆದ್ದರಿಂದ ತಕಧಿಮಿಯೇ ಬೆಳೆಯುತ್ತದೆ. ತಾಳವಿಲ್ಲದೆ ರಾಗ ಬೆಳೆಸುವ ನಿಧಾನವಾದ ಆಲಾಪನೆಗೆ ಜಾಗ ಇರುವುದಿಲ್ಲ. ಮಕ್ಕಳು ಚಡಪಡಿಸುತ್ತಾರೆಂದು ಅದನ್ನು ಎರಡು ನಿಮಿಷಕ್ಕೆ ಮೊಟಕುಗೊಳಿಸುತ್ತಾರೆ. ಗಾಯಕರು ತಮ್ಮದೇ ಶ್ರುತಿಯಲ್ಲಿ ‘ನನ್ನ ಜೊತೆ ಹಾಡಿ’ ಎನ್ನುವುದೂ ಉಂಟು. ಗಂಡಸರ ಕಂಠಕ್ಕೆ ಹೊಂದಿದ ಶ್ರುತಿ ಏಳು ವರ್ಷದ ಮಗುವಿಗೆ ತೀರ ತಗ್ಗು. ಮಗು ಮಂದ್ರಕ್ಕೆ, ಅಂದರೆ ಕೆಳಗಿನ ಸ್ವರಗಳಿಗೆ, ಇಳಿಯಲಾಗದೆ ಗೊಣಗುತ್ತದೆ, ಇಲ್ಲವೇ ಕಿರುಚುತ್ತದೆ, ಕೊನೆಗೆ ‘ನನಗೆ ಹಾಡೋಕೆ ಬರಲ್ಲ’ ಎಂದು ತೀರ್ಮಾನಿಸಿಬಿಡುತ್ತದೆ. ಆ ತೀರ್ಮಾನವನ್ನು ಬಿಡಿಸಲು ನನಗೆ ತಿಂಗಳುಗಳೇ ಬೇಕಾಗುತ್ತವೆ.

ಮಕ್ಕಳು ಖಾಲಿ ಕಿವಿಯಲ್ಲಿ ಶಾಲೆಗೆ ಬರುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸೋಬಾನೆ ಪದ, ಭಜನೆ, ಮೊಹರಂ ಹಾಡು, ಶರೀಫರ ತತ್ವಪದ ಹಲವರ ಮನೆಯಲ್ಲೇ ಇವೆ. ಹೊರಗಿನಿಂದ ಬಂದವರು ‘ಇದು ನಿಜವಾದ ಸಂಗೀತ’ ಎಂಬ ಧಾಟಿಯಲ್ಲಿ ಮಾತಾಡಿದರೆ ಅಜ್ಜಿಯ ಹಾಡು ಆ ಮಗುವಿನ ಕಣ್ಣಲ್ಲಿ ಕೀಳಾಗುತ್ತದೆ. ಪ್ರತಿ ವಾರ ಬರುವ ಶಿಕ್ಷಕಿಗೆ ಆ ಹಾಡನ್ನೇ ಹಾಡಿಸಿ, ಅದರ ಸ್ವರ ಗುರುತಿಸಿ, ಅಲ್ಲಿಂದ ಮಾಯಾಮಾಳವಗೌಳ ರಾಗದ ಸರಳೆ ವರಸೆಗೆ, ಅಂದರೆ ಮೊದಲ ಸ್ವರಪಾಠಗಳಿಗೆ, ದಾಟಿಸುವ ಪುರುಸೊತ್ತು ಇರುತ್ತದೆ.

ಕಲಾವಿದರು, ಪಕ್ಕವಾದ್ಯದವರು, ಅವರ ಪ್ರಯಾಣ ಎಂದು ಖರ್ಚಾಗುವ ಹಣವನ್ನು ಒಟ್ಟುಮಾಡಿ ಊರಲ್ಲೇ ಇರುವ ಸಂಗೀತಗಾರರಿಗೆ ವಾರಕ್ಕೆರಡು ಪೀರಿಯಡ್ ಕೊಡಿ. ಸಂಗೀತದ ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿ ಮನೆಯಲ್ಲೇ ಪಾಠ ಹೇಳುತ್ತಿರುವವರು ಸಣ್ಣ ಊರುಗಳಲ್ಲೂ ಸಿಗುತ್ತಾರೆ. ಒಂದು ವರ್ಷ ಪಾಠ ನಡೆದ ಮೇಲೆ ಕಲಾವಿದರನ್ನು ಕರೆಸಿ. ಆಗ ಮಕ್ಕಳು ಕೇಳುವ ಪ್ರಶ್ನೆಗಳೇ ಬೇರೆ ಇರುತ್ತವೆ.