‘ಫುಸ್’ ಎನ್ನುವ ಪಿಸ್ತೂಲು

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಟೀವಿ ಹಾಕಿದರೆ ಮತ್ತೆ ಅದೇ. ಕಪ್ಪು ಕೋಟಿನವನು ಪಿಸ್ತೂಲಿನ ಮೂತಿಗೆ ಸೈಲೆನ್ಸರ್ ಎಂಬ ಸದ್ದಡಗಿಸುವ ಕೊಳವೆ ತಿರುಗಿಸಿ ಕೂರಿಸಿದ, ಗುರಿ ಹಿಡಿದ, ‘ಫುಸ್’. ಕಾವಲುಗಾರ ಬಿದ್ದ. ಎರಡು ಮಾರು ಆಚೆ ಬೆನ್ನು ತಿರುಗಿಸಿ ನಿಂತ ಇನ್ನೊಬ್ಬ ಕಾವಲುಗಾರ ಆರಾಮವಾಗಿ ಸಿಗರೇಟು ಹಚ್ಚುತ್ತಿದ್ದ. ಸೈಕಲ್ ಟ್ಯೂಬಿನ ವಾಲ್ವ್ ಒತ್ತಿದರೂ ಇದಕ್ಕಿಂತ ಜೋರು ಸದ್ದು ಬರುತ್ತದಲ್ಲ, ಸ್ವಾಮಿ!

ಲೆಕ್ಕ ಹಾಕಿ ನೋಡಿ. 9 ಎಂ.ಎಂ. ಪಿಸ್ತೂಲು ಸಿಡಿದರೆ ಸುಮಾರು 160 ಡೆಸಿಬೆಲ್. ಒಳ್ಳೆಯ ಸೈಲೆನ್ಸರ್ ಅದರಲ್ಲಿ 30 ತಗ್ಗಿಸೀತು. ಉಳಿದ 130 ಕಿವಿ ನೋಯುವ ಮಟ್ಟ. ಬೆಳಗಾಗುವ ಮೊದಲೇ ಮನೆಮುಂದೆ ರಸ್ತೆ ಅಗೆಯಲು ಬರುವ ಯಂತ್ರವೂ ಇಷ್ಟು ಗದ್ದಲ ಮಾಡುವುದಿಲ್ಲ. ಕೊಳವೆಯೊಳಗೆ ನಡುವೆ ತೂತಿರುವ ಬಿಲ್ಲೆಗಳ ಸಾಲಿದೆ. ಗುಂಡಿನ ಬೆನ್ನಿಗೆ ನುಗ್ಗುವ ಬಿಸಿ ಅನಿಲ ಒಂದೊಂದು ಗೂಡಿನಲ್ಲೂ ಹಿಗ್ಗಿ, ಆರಿ, ಸಾವಕಾಶವಾಗಿ ಹೊರಬೀಳುತ್ತದೆ. ಅಷ್ಟೇ ಅದರ ಕೆಲಸ. ಗುಂಡು ಶಬ್ದದ ವೇಗ ದಾಟಿತೋ, ಅಂದರೆ ಸೆಕೆಂಡಿಗೆ ಸುಮಾರು 340 ಮೀಟರ್, ದಾರಿಯುದ್ದಕ್ಕೂ ಚಾಟಿ ಬೀಸಿದಂತೆ ಛಟೀರ್ ಅನ್ನುತ್ತದೆ. ಕೊಳವೆ ಅದಕ್ಕೆ ಏನೂ ಮಾಡಲಾರದು. ಹಾಗಾಗಿ ಭಾರದ, ನಿಧಾನದ ಗುಂಡೇ ಹಾಕಬೇಕು. ಹಾಕಿದರೂ ಪಿಸ್ತೂಲಿನ ಮೇಲಿನ ಜಾರುವ ಭಾಗ, ಅಂದರೆ ಸ್ಲೈಡು, ಹಿಂದೆ ಹೋಗಿ ಮುಂದೆ ಬರುವಾಗ ‘ಕಟಕ್’ ಅಂದೇ ಅನ್ನುತ್ತದೆ.

ಕೆಲವು ಮಹನೀಯರು ರಿವಾಲ್ವರಿಗೂ ಸೈಲೆನ್ಸರ್ ತೊಡಿಸುತ್ತಾರೆ. ಗುಂಡು ತುಂಬಿದ ಉರುಳೆಗೂ ನಳಿಗೆಗೂ ನಡುವೆ ಸಣ್ಣ ಸಂದು ಇರುತ್ತದೆ, ಅನಿಲವೂ ಸದ್ದೂ ಅಲ್ಲಿಂದಲೇ ಹೊರಡುತ್ತವೆ. ಕುಕ್ಕರಿನ ಗ್ಯಾಸ್ಕೆಟ್ ಹರಿದಿರುವಾಗ ಮೇಲೆ ವೆಯ್ಟ್ ಒತ್ತಿ ಹಿಡಿದಂತೆ! ಉರುಳೆಯೇ ಮುಂದೆ ಸರಿದು ಸಂದು ಮುಚ್ಚುವ ರಿವಾಲ್ವರ್ ಒಂದಿದೆ, ರಷ್ಯಾದ 1895ರ ನಾಗಾಂಟ್. ಸಿನಿಮಾದವರ ಕೈಗೆ ಅದನ್ನು ಬಿಟ್ಟು ಬೇರೆಲ್ಲ ಸಿಗುತ್ತದೆ.

ಬಂದೂಕಿನ ಸೈಲೆನ್ಸರಿಗೆ 1909ರಲ್ಲಿ ಪೇಟೆಂಟ್ ಪಡೆದ ಅಮೆರಿಕದ ಹೈರಮ್ ಪರ್ಸಿ ಮ್ಯಾಕ್ಸಿಮ್, ಮೆಷಿನ್ ಗನ್ ಕಂಡುಹಿಡಿದವನ ಮಗ. ಅಪ್ಪ ಎಬ್ಬಿಸಿದ ಗದ್ದಲ ಮಗ ತಗ್ಗಿಸಲು ಹೊರಟ. ನಮಗೆ ಸೈಲೆನ್ಸರ್ ಎಂದರೆ ಬೈಕಿನ ಅಡಿಯಲ್ಲಿರುವುದು. ಅದನ್ನೂ ನಮ್ಮ ಹುಡುಗರು ದುಡ್ಡು ಕೊಟ್ಟು ಬಿಚ್ಚಿಸಿ, ರಾತ್ರಿ ಹನ್ನೊಂದಕ್ಕೆ ಓಣಿಯಲ್ಲಿ ಮೂರು ಸುತ್ತು ಹೊಡೆಯುತ್ತಾರೆ.

ಇಷ್ಟಾದರೂ ಗೂಢಚಾರರ ಕಥೆ ಬಿಡುವವರು ಯಾರು? 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿ.ಐ.ಡಿ. 999 ಆದಾಗ ಯಾರೂ ಡೆಸಿಬೆಲ್ ಕೇಳಲಿಲ್ಲ. ನಮ್ಮಲ್ಲಿ ಹಲಸಿನಹಣ್ಣು ಕೊಯ್ದರೆ ಮೂರನೇ ಮನೆಗೆ ಗೊತ್ತು. ಮಗಳನ್ನು ನೋಡಲು ಗಂಡಿನ ಕಡೆಯವರು ಬಂದರೆ ಹಾಲಿನವನಿಗೂ ಗೊತ್ತು. ಒಂದು ಕೆಲಸವನ್ನಾದರೂ ಯಾರಿಗೂ ತಿಳಿಯದಂತೆ ಮುಗಿಸಿ, ಕೋಟು ಕೊಡವಿ ಹೊರಟುಬಿಡುವ ಆಸೆ ಯಾರಿಗಿಲ್ಲ? ಆ ‘ಫುಸ್’ ಒಳಗೆ ಇರುವುದು ಅದೇ ಇರಬೇಕು.

ಆದರೂ ಸಿಟ್ಟು ಸಿಟ್ಟೇ. ಇದರಲ್ಲಿ ನಮಗೊಬ್ಬ ಹಿರಿಯಣ್ಣ ಇದ್ದಾನೆ: ಜೆಫ್ರಿ ಬೂತ್‌ರಾಯ್ಡ್, ಗ್ಲಾಸ್ಗೋದ ಬಂದೂಕುಪ್ರಿಯ. ಜೇಮ್ಸ್ ಬಾಂಡ್ ಕೈಯಲ್ಲಿರುವ .25 ಬೆರೆಟಾ ಹೆಂಗಸರ ಪಿಸ್ತೂಲು, ಅವನಿಗೊಂದು ರಿವಾಲ್ವರ್ ಕೊಡಿಸಿ, ಅದನ್ನಿಡಲು ಬರ್ನ್ಸ್-ಮಾರ್ಟಿನ್ ಚೀಲ ಕೊಡಿಸಿ ಎಂದು 1956ರಲ್ಲಿ ಬಾಂಡ್ ಕಾದಂಬರಿಗಳ ಲೇಖಕ ಇಯಾನ್ ಫ್ಲೆಮಿಂಗರಿಗೆ ಕಾಗದ ಬರೆದ. ಫ್ಲೆಮಿಂಗ್ ಖುಷಿಯಾಗಿ, 1958ರ ‘ಡಾಕ್ಟರ್ ನೋ’ ಕಾದಂಬರಿಯಲ್ಲಿ ಮೇಜರ್ ಬೂತ್‌ರಾಯ್ಡ್ ಎಂಬ ಆಯುಧತಜ್ಞನನ್ನೇ ಸೃಷ್ಟಿಸಿದರು. ಆ ಮೇಜರ್ ಬಾಂಡ್‌ಗೆ ವಾಲ್ಥರ್ ಪಿಪಿಕೆ ಪಿಸ್ತೂಲು ಕೊಟ್ಟ, ಜೊತೆಗೆ ಅದೇ ಬರ್ನ್ಸ್-ಮಾರ್ಟಿನ್ ಚೀಲ. ಆ ಚೀಲದ ಸ್ಪ್ರಿಂಗು ಹಿಡಿದುಕೊಳ್ಳುವುದು ರಿವಾಲ್ವರಿನ ಉರುಳೆಯನ್ನು. ಪಿಪಿಕೆಗೆ ಉರುಳೆಯೇ ಇಲ್ಲ.